ಷಡ್ಡಕರ ಕೆಂಪು ದೊಣ್ಣೆಮೆಣಸಿನಕಾಯಿ

ಬಸ್ ಡಿಪೋದ ಹಿಂಭಾಗದಲ್ಲಿ, ಹಳೆಯ ಟೈರುಗಳ ರಾಶಿ ದಾಟಿ ಹೋದರೆ, ತಗಡಿನ ಬಾಗಿಲಿನ ಒಂದು ಕೋಣೆಯಿದೆ. ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಇಳಿದ ಸಾಮಾನುಗಳೆಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಊಟದ ಡಬ್ಬಿ, ಒಂಟಿ ಚಪ್ಪಲಿ, ಕನ್ನಡಕ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು. ಎಲ್ಲಕ್ಕಿಂತ ಹೆಚ್ಚಾಗಿ ಛತ್ರಿಗಳು. ಈ ಕೋಣೆಯ ಗುಮಾಸ್ತರನ್ನು ಡಿಪೋದವರೆಲ್ಲ ‘ಛತ್ರಿ ಸಾಹೇಬರು’ ಎಂದೇ ಕರೆಯುತ್ತಿದ್ದರು. ಅದು ಗೌರವವೋ ಬೈಗುಳವೋ ಎಂದು ಅವರು ಕೇಳಲು ಹೋಗಿರಲಿಲ್ಲ.

ಸಾಹೇಬರಿಗೆ ಆ ಹೆಸರು ಬರಲು ಅವರ ಒಂದು ವಿಚಿತ್ರ ಪದ್ಧತಿ ಕಾರಣ. ಯಾರಾದರೂ ಬಂದು, “ಸಾರ್, ನನ್ನ ಕೆಂಪು ಛತ್ರಿ ಬಸ್ಸಲ್ಲಿ ಹೋಯ್ತು” ಎಂದರೆ ಇವರು ಗಂಭೀರವಾಗಿ ಒಳಗೆ ಹೋಗಿ ಹಸಿರು ಛತ್ರಿಯೊಂದನ್ನು ತಂದು ಮುಂದಿಡುವರು. “ಇದಲ್ಲ ಸಾರ್” ಎಂದರೆ ಕಂದು ಛತ್ರಿ. ಅದೂ ಅಲ್ಲ ಎಂದರೆ ಮತ್ತೆ ಹಸಿರು. ಡಿಪೋ ಮ್ಯಾನೇಜರು ಇದನ್ನು ಕಂಡು ಬೆರಗಾಗಿ, “ಏನು ತಲೆ ಮಾರಾಯ! ಕಳ್ಳನಾದವನು ಕೊಟ್ಟಿದ್ದನ್ನ ಬಾಚ್ಕೊಂಡು ಹೋಗ್ತಾನೆ, ನಿಜವಾದ ಮಾಲೀಕ ಮಾತ್ರ ಬೇಡ ಅಂತಾನೆ. ಇದು ಪರೀಕ್ಷೆ!” ಎಂದು ಎಲ್ಲರ ಮುಂದೆ ಸಾರಿದ್ದರು.

ಪರೀಕ್ಷೆಯೂ ಇಲ್ಲ, ಮಣ್ಣೂ ಇಲ್ಲ. ಸಾಹೇಬರಿಗೆ ಕೆಂಪು, ಹಸಿರಿನ ವ್ಯತ್ಯಾಸ ಹುಟ್ಟಿನಿಂದಲೇ ಕಾಣುತ್ತಿರಲಿಲ್ಲ. ಹಳದಿ ಕಾಣುತ್ತಿತ್ತು, ನೀಲಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಟೊಮೇಟೊ, ಅದರ ಎಲೆ, ಅದನ್ನು ನೆಟ್ಟ ಕುಂಡ ಮೂರೂ ಒಂದೇ ಮಣ್ಣುಬಣ್ಣ. ಇದು ಗೊತ್ತಿದ್ದದ್ದು ಅವರ ಹೆಂಡತಿಗೆ ಮಾತ್ರ. ಆಕೆ ಅದನ್ನು ಒಡವೆಯ ಹಾಗೆ ಮುಚ್ಚಿಟ್ಟುಕೊಂಡಿದ್ದರು.

ಒಂದು ದಿನ ಬಸ್ಸಿನಿಂದ ಒಂದು ಆರೋಗ್ಯ ಪತ್ರಿಕೆ ಬಂತು. ಮಧ್ಯಾಹ್ನ ಕೆಲಸವಿರಲಿಲ್ಲ. ಸಾಹೇಬರು ಕಾಲು ಚಾಚಿ ಓದತೊಡಗಿದರು. ಹಣ್ಣು ತರಕಾರಿಗಳ ಬಣ್ಣ ಬರೀ ಅಂದಕ್ಕಲ್ಲವಂತೆ. ಟೊಮೇಟೊದ ಕೆಂಪಿಗೆ ಲೈಕೋಪೀನ್ ಎಂಬ ಪದಾರ್ಥ ಕಾರಣ, ಕ್ಯಾರೆಟ್ಟಿನ ಬಣ್ಣಕ್ಕೆ ಕ್ಯಾರೊಟಿನ್, ನೇರಳೆ ಕೋಸಿನಲ್ಲಿ, ಬದನೆಯ ಸಿಪ್ಪೆಯಲ್ಲಿ ಆಂಥೋಸಯಾನಿನ್, ಎಲೆಗಳಲ್ಲಿ ಕ್ಲೋರೊಫಿಲ್. ಬಿಸಿಲು, ಕೀಟಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು, ಹಕ್ಕಿಗಳನ್ನು ಕರೆಯಲು ಗಿಡಗಳು ಇವನ್ನು ತಯಾರಿಸುತ್ತವಂತೆ. ಲೇಖನ ರಸವತ್ತಾಗಿ ಸಾಗಿತ್ತು. ಸಾಹೇಬರು ಹಾಳೆ ಮಗುಚಿ, “ಆದರೆ ಒಂದು ಮುಖ್ಯ ಎಚ್ಚರಿಕೆ:” ಎಂಬಲ್ಲಿಗೆ ತಲುಪಿದ್ದರು. ಅಷ್ಟರಲ್ಲಿ ಪತ್ರಿಕೆಯ ಒಡೆಯ ಬಂದು, ಗುರುತು ಹೇಳಿ, ಕಿತ್ತುಕೊಂಡು ಹೋದ. ಎಚ್ಚರಿಕೆ ಏನೆಂಬುದು ತಿಳಿಯಲೇ ಇಲ್ಲ.

ಆ ಭಾನುವಾರ ಷಡ್ಡಕರ ಮನೆಯಲ್ಲಿ ಊಟ. ಷಡ್ಡಕರೆಂದರೆ ಸಾಹೇಬರ ಹೆಂಡತಿಯ ಅಕ್ಕನ ಗಂಡ. ಫ್ರಿಜ್ಜು, ವಾಷಿಂಗ್ ಮಷೀನು ಮಾರುವ ದೊಡ್ಡ ಅಂಗಡಿ ಅವರದು. ಮನೆಯ ಮಹಡಿಯ ಮೇಲೆ ಕುಂಡಗಳಲ್ಲಿ ದೊಣ್ಣೆಮೆಣಸಿನಕಾಯಿ ಬೆಳೆಯುತ್ತಿದ್ದರು. ಹಿಂದಿನ ವರ್ಷ ಕೈತೋಟ ಸಂಘದ ‘ಬಣ್ಣದ ಬೆಳೆ’ ಸ್ಪರ್ಧೆಯಲ್ಲಿ ಗೆದ್ದ ಬಹುಮಾನದ ಕಪ್ಪು ಅವರ ಫ್ರಿಜ್ಜಿನ ಮೇಲೆ ಕೂತಿತ್ತು. ನೀರು ಕುಡಿಯಲು ಎದ್ದವರೆಲ್ಲ ಅದಕ್ಕೆ ತಲೆಬಾಗಿಯೇ ಬಾಗಿಲು ತೆಗೆಯಬೇಕು.

“ಗಿಡಗಳ ಜೊತೆ ದಿನಾ ಬೆಳಿಗ್ಗೆ ಮಾತಾಡ್ತೀನಿ ಕಣಯ್ಯಾ,” ಎಂದರು ಷಡ್ಡಕರು, ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾ. “ಅದಕ್ಕೇ ಅಷ್ಟು ಚೆನ್ನಾಗಿ ಬರ್ತವೆ.”

“ನಮ್ಮ ಜೊತೆ ಮಾತಾಡಲ್ಲ. ಅದಕ್ಕೇ ನಾವು ಹಿಂಗಿದೀವಿ,” ಎಂದರು ಅವರ ಹೆಂಡತಿ.

ಷಡ್ಡಕರು ಅದನ್ನು ಕೇಳಿಸಿಕೊಳ್ಳದೆ ಸಾಹೇಬರ ಕಡೆ ತಿರುಗಿದರು. “ನೀನೇನಯ್ಯಾ ಬೆಳೀತೀಯಾ? ಛತ್ರೀನಾ?”

ಮೇಜಿನ ಸುತ್ತ ನಗು ಹಬ್ಬಿತು. ಸಾಹೇಬರ ಹೆಂಡತಿ ನಗಲಿಲ್ಲ. ಸಾಹೇಬರು ತಟ್ಟೆಯಲ್ಲಿದ್ದ ಟೊಮೇಟೊ ಚೂರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ತಮಗೇ ಗುರುತು ಸಿಗದ ದನಿಯಲ್ಲಿ ಶುರುಮಾಡಿದರು.

“ಷಡ್ಡಕರೇ, ಬೆಳೆಯೋದು ಬೇರೆ, ತಿಳಿಯೋದು ಬೇರೆ. ಇದರಲ್ಲಿ ಏನಿದೆ ಗೊತ್ತಾ? ಲೈಕೋಪೀನ್!”

ಷಡ್ಡಕರ ವಯಸ್ಸಾದ ಸೋದರತ್ತೆ ಕಿವಿಗೆ ಕೈ ಹಚ್ಚಿ, “ಯಾರ ಮಗಳು?” ಎಂದು ಕೇಳಿದರು.

ಸಾಹೇಬರು ನಿಲ್ಲಿಸಲಿಲ್ಲ. ಕ್ಯಾರೊಟಿನ್ ಬಂತು, ಆಂಥೋಸಯಾನಿನ್ ಬಂತು, ಹಕ್ಕಿಗಳು ಬಂದವು. ಪಕ್ಕದಲ್ಲಿ ಕೂತಿದ್ದವರು ನಿವೃತ್ತ ಮುಖ್ಯೋಪಾಧ್ಯಾಯಿನಿ, ಕೈತೋಟ ಸಂಘದ ಅಧ್ಯಕ್ಷೆ. ಊರೆಲ್ಲ ಅವರನ್ನು ‘ದೊಡ್ಡ ಮಿಸ್ಸು’ ಎನ್ನುತ್ತದೆ. ಅವರು ಊಟ ಬಿಟ್ಟು ಕೇಳತೊಡಗಿದರು.

“ಇಷ್ಟೆಲ್ಲ ಒಳ್ಳೇದೇ ಅಂದ್ರೆ, ಇದರಲ್ಲಿ ಏನೂ ಎಚ್ಚರಿಕೆ ಬೇಡ್ವಾ?”

ಸಾಹೇಬರು ಕೈಯಲ್ಲಿದ್ದ ಚೂರನ್ನು ನಿಧಾನವಾಗಿ ತಟ್ಟೆಗೆ ಇಳಿಸಿದರು. “ಎಚ್ಚರಿಕೆ ಇದೆ,” ಎಂದರು. ಅಷ್ಟೇ. ಆ ಮೌನಕ್ಕೆ ಇಡೀ ಮನೆ ನಡುಗಿತು. ಷಡ್ಡಕರು ಬಾಯಿಗೆ ಒಯ್ಯುತ್ತಿದ್ದ ಕ್ಯಾರೆಟ್ಟನ್ನು ಕೆಳಗಿಟ್ಟರು.

“ನಮ್ಮ ಸ್ಪರ್ಧೆಗೆ ಈ ಸಲ ತೀರ್ಪುಗಾರರು ಇವರೇ!” ಎಂದು ದೊಡ್ಡ ಮಿಸ್ಸು ಮೇಜು ಗುದ್ದಿದರು. “ನಮಗೆ ಬೇಕಾಗಿರೋದು ಬಣ್ಣ ಬಲ್ಲ ಕಣ್ಣು.”

ಸಾಹೇಬರು ಬಾಯಿ ತೆರೆದು “ಅದು... ನನಗೆ...” ಎನ್ನುವಷ್ಟರಲ್ಲಿ ಹೆಂಡತಿಯ ಅಕ್ಕ ಕಿಸಕ್ಕನೆ ನಕ್ಕು, “ಇವರಾ? ತೀರ್ಪಾ?” ಎಂದರು.

“ಹೂಂ, ಬರ್ತಾರೆ,” ಎಂದಿತು ಒಂದು ದನಿ. “ನಮ್ಮನೆಯವರು ಖಂಡಿತ ಬರ್ತಾರೆ.” ಮಾತಾಡಿದ್ದು ಸಾಹೇಬರ ಹೆಂಡತಿ.

ಬಸ್ಸು ಬಂದು, ಸೀಟು ಸಿಕ್ಕಿ, ಟಿಕೆಟ್ ಹರಿದ ಮೇಲೆ ಸಾಹೇಬರು ಕೇಳಿದರು: “ಅಲ್ವೇ, ನೀನ್ಯಾಕೆ ಒಪ್ಕೊಂಡೆ?”

“ಅಕ್ಕ ನಕ್ಕಳು.”

“ಅವಳು ನಕ್ಕರೆ ನನಗೆ ಕೆಂಪು ಕಾಣುತ್ತಾ?”

“ಕಾಣಿಸ್ತೀನಿ ಇರಿ,” ಎಂದರು ಆಕೆ. ಹೆಂಡತಿ ಆ ದನಿಯಲ್ಲಿ ಮಾತಾಡಿದಾಗ ಎದುರಾಡುವ ಅಭ್ಯಾಸ ಸಾಹೇಬರಿಗಿರಲಿಲ್ಲ.

ಆಕೆಯ ಉಪಾಯ ಕೆಮ್ಮು. ಒಂದು ಕೆಮ್ಮಿದರೆ ಕೆಂಪು, ಎರಡು ಕೆಮ್ಮಿದರೆ ಹಸಿರು, ಮೂರಾದರೆ ಕಿತ್ತಳೆ. ಗಂಟಲು ಸರಿಮಾಡಿಕೊಂಡರೆ ಎರಡೂ ಬಣ್ಣ ಬೆರೆತಿದೆ ಎಂದರ್ಥ. ಮರುದಿನದಿಂದಲೇ ಅಡುಗೆಮನೆಯಲ್ಲಿ ತಾಲೀಮು ಶುರುವಾಯಿತು. ಆಕೆ ಬುಟ್ಟಿಯಿಂದ ಒಂದೊಂದೇ ಕಾಯಿ ಎತ್ತಿ ಕೆಮ್ಮುವುದು, ಸಾಹೇಬರು “ಕೆಂಪು! ಹಸಿರು! ಕಿತ್ತಳೆ!” ಎಂದು ಕೂಗುವುದು.

ಗೋಡೆಗಳು ತೆಳ್ಳಗಿದ್ದವು. ಪಕ್ಕದ ಮನೆಯ ಅಜ್ಜಿ ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ಬಂದರು. “ಪಾಪ, ಹೆಂಡತಿ ಅಷ್ಟು ಕೆಮ್ತಾ ಇದ್ರೆ ಗಂಡ ಬಣ್ಣ ಬಣ್ಣ ಅಂತ ಕೂಗ್ತಾನಲ್ಲಮ್ಮಾ, ಅವನ ತಲೇಗೇನಾಯ್ತು?” ಎಂದು ಕಣ್ಣೀರು ಒರೆಸಿಕೊಂಡರು. ಮೇಲಿನ ಮಹಡಿಯಲ್ಲಿದ್ದ ಮನೆ ಮಾಲೀಕರು ಮೆಟ್ಟಿಲ ಮೇಲಿಂದಲೇ ಮೂಗಿಗೆ ಕರವಸ್ತ್ರ ಹಿಡಿದು, ಎದೆಯ ಎಕ್ಸ್‌ರೇ ತೆಗೆಸಿ, ಅದರ ಪ್ರತಿ ತಮಗೂ ಕೊಡಬೇಕೆಂದು ವಿನಂತಿಸಿದರು. ಸಾಹೇಬರ ಹೆಂಡತಿ ಎಲ್ಲರಿಗೂ ನಗುತ್ತಾ ಉತ್ತರ ಕೊಟ್ಟು, ಬಾಗಿಲು ಹಾಕಿ, ಮತ್ತೆ ಟೊಮೇಟೊ ಎತ್ತಿದರು. ಸ್ಪರ್ಧೆಯ ಹಿಂದಿನ ದಿನ ಸಾಹೇಬರು ಒಂದೂ ತಪ್ಪಿಲ್ಲದೆ ಬುಟ್ಟಿ ಮುಗಿಸಿದರು.

ಸ್ಪರ್ಧೆ ನಡೆದದ್ದು ಸಂಘದ ಸಭಾಂಗಣದಲ್ಲಿ. ಉದ್ದನೆಯ ಮೇಜುಗಳು, ಬಿಳಿ ಬಟ್ಟೆ, ತಟ್ಟೆಗಳಲ್ಲಿ ತರಕಾರಿ, ಪಕ್ಕದಲ್ಲಿ ಅವನ್ನು ಬೆಳೆದವರು ಕೈಕಟ್ಟಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಸಾಹೇಬರ ಹೆಂಡತಿ, ಗಂಟಲು ನಯವಾಗಿರಲೆಂದು ಬಿಸಿನೀರು ಕುಡಿದು ಸಜ್ಜಾಗಿದ್ದರು. ಪಕ್ಕದಲ್ಲೇ ಅವರ ಅಕ್ಕ. ಹಿಂದೆ ಡಿಪೋ ಮ್ಯಾನೇಜರು, ಮನೆ ಮಾಲೀಕರು, ಅಜ್ಜಿ, ಅರ್ಧ ಬೀದಿ.

ದೊಡ್ಡ ಮಿಸ್ಸು ಕಣ್ಣಲ್ಲೇ ಸನ್ನೆ ಮಾಡಿದರು. ವೇದಿಕೆಯ ಪರದೆಯನ್ನು ಯಾರೋ ಎಳೆದರು. ಆ ಪರದೆಯನ್ನು ಹಿಂದಿನ ವರ್ಷದ ಸ್ಪರ್ಧೆಯ ನಂತರ ಯಾರೂ ಮುಟ್ಟಿರಲಿಲ್ಲ. ವರ್ಷಪೂರ್ತಿಯ ಧೂಳು ಮೋಡದಂತೆ ಎದ್ದು ಸಭೆಯ ಮೇಲೆ ಇಳಿಯಿತು.

ಇಡೀ ಸಭಾಂಗಣ ಕೆಮ್ಮಿತು.

ಸಾಹೇಬರು ಮೊದಲ ಮೇಜಿನ ಮುಂದೆ ಕಲ್ಲಾಗಿ ನಿಂತರು. ಎಡದಿಂದ ಕೆಂಪು, ಬಲದಿಂದ ಹಸಿರು. ಡಿಪೋ ಮ್ಯಾನೇಜರ ಕಡೆಯಿಂದ ಎಂದೂ ಮುಗಿಯದ ಕಿತ್ತಳೆ. ಅಜ್ಜಿ ಗಂಟಲು ಸರಿಮಾಡಿಕೊಂಡರು. ಹೆಂಡತಿಯ ಕಡೆ ನೋಡಿದರೆ ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು, ಲೆಕ್ಕವಿಲ್ಲದೆ, ಪ್ರಾಮಾಣಿಕವಾಗಿ ಕೆಮ್ಮುತ್ತಿದ್ದರು.

“ಈ ತಟ್ಟೆ ಬಗ್ಗೆ ಏನು ಹೇಳ್ತೀರಿ?” ಎಂದು ದೊಡ್ಡ ಮಿಸ್ಸು ಕೇಳಿದರು.

“ಇದು...” ಎಂದರು ಸಾಹೇಬರು. “ಇದು ಬಹಳ... ಗಾಢವಾದದ್ದು.”

ಅದನ್ನು ಬೆಳೆದವಳು ಒಬ್ಬಳು ದರ್ಜಿ. ಆಕೆಯ ಮುಖ ಅರಳಿತು. ಸಾಹೇಬರಿಗೆ ದಾರಿ ಹೊಳೆಯಿತು. ಬಣ್ಣ ಕಾಣದಿದ್ದರೇನು, ಉಳಿದದ್ದೆಲ್ಲ ಕಾಣುತ್ತದಲ್ಲ! ಕನ್ನಡಕವನ್ನು ಹಣೆಗೆ ಏರಿಸಿ, ಮೂಗು ತಾಗುವಷ್ಟು ಬಗ್ಗಿ, ಒಂದೊಂದು ಕಾಯಿಯನ್ನೂ ಮೂಸಿದರು, ತಟ್ಟಿದರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಸಭೆಯಲ್ಲಿ ಗುಸುಗುಸು ಎದ್ದಿತು. “ಹೋದ ವರ್ಷದವರು ಬರೀ ನಿಂತು ನೋಡಿದ್ರಪ್ಪ. ಇದು ಸೈನ್ಸು!”

ಹೀಗೆ ಮೂಸುತ್ತಾ ತಟ್ಟುತ್ತಾ ಅವರು ಷಡ್ಡಕರ ಮೇಜಿಗೆ ಬಂದರು.

ಷಡ್ಡಕರು ಹೊಸ ಕೋಟು ಹಾಕಿದ್ದರು. ಅಂಗಡಿಯಿಂದ ತಂದ ದೀಪವೊಂದನ್ನು ತಟ್ಟೆಯ ಮೇಲೆ ಬಾಗಿಸಿದ್ದರು. ತಟ್ಟೆಯಲ್ಲಿ ಮುಷ್ಟಿಗಾತ್ರದ ದೊಣ್ಣೆಮೆಣಸಿನಕಾಯಿಗಳು. ಅವುಗಳ ಕೆಂಪು ನೋಡಿ ಸಭೆ ಕೆಮ್ಮುವುದನ್ನೇ ಮರೆತಿತ್ತು. ಅಂಥ ಕೆಂಪು, ಅಂಥ ಹೊಳಪು ಆ ಊರಿನಲ್ಲಿ ಯಾವ ಗಿಡವೂ ಕೊಟ್ಟಿರಲಿಲ್ಲ. ಹೆಂಡತಿಯ ಅಕ್ಕ ಮಾತ್ರ ಕತ್ತು ಉದ್ದ ಮಾಡಿ, ಏನನ್ನೋ ನೆನಪಿಸಿಕೊಳ್ಳುವವರಂತೆ ನೋಡುತ್ತಿದ್ದರು.

“ನೋಡಯ್ಯಾ, ಚೆನ್ನಾಗಿ ನೋಡು,” ಎಂದರು ಷಡ್ಡಕರು. “ನಿನ್ನ ಲೈಕೋಪೀನು ಕ್ಯಾರೊಟೀನು ಎಲ್ಲ ಇಲ್ಲೇ ಇವೆ.”

ಸಾಹೇಬರು ಬಗ್ಗಿದರು. ಸಭೆಯವರ ಕಣ್ಣು ಕುಕ್ಕಿದ ಆ ಕೆಂಪು ಅವರಿಗೆ ಮಾಮೂಲಿ ಮಣ್ಣುಬಣ್ಣ. ಹಾಗಾಗಿ ಬೇರೆಯವರಿಗೆ ಕಾಣದ್ದೊಂದು ಅವರಿಗೆ ಕಂಡಿತು. ಕಾಯಿಯ ತುದಿಯಿಂದ ತೊಟ್ಟಿನವರೆಗೆ ಒತ್ತೊತ್ತಾಗಿ ಸಣ್ಣ ಗೆರೆಗಳು. ತೊಟ್ಟಿನ ಬಳಿ ಒಂದು ಹನಿ ಇಳಿದು ಗಟ್ಟಿಯಾಗಿತ್ತು.

“ಇದೇನು ಷಡ್ಡಕರೇ, ಗೆರೆ?” ಎಂದು ಅವರು ಮುಗ್ಧವಾಗಿ ಕೇಳಿದರು. “ಬ್ರಷ್ ಆಡಿಸಿದ ಹಾಗಿದೆ?”

“ಗೆರೇನಾ? ಎಲ್ಲಿ? ಅದು... ಅದು ಆ ತಳೀನೇ ಹಾಗೆ!”

“ಓಹೋ, ಹಾಗಾ,” ಎಂದು ಸಾಹೇಬರು ಒಪ್ಪಿಕೊಂಡು ಮುಂದಿನ ಮೇಜಿಗೆ ಹೊರಟೇಬಿಟ್ಟಿದ್ದರು. ಆದರೆ ನಕಲು ಹೊಡೆಯುವವರನ್ನು ಹಿಡಿಯುವುದರಲ್ಲೇ ಆಯುಷ್ಯ ಸವೆಸಿದ ದೊಡ್ಡ ಮಿಸ್ಸು ಬಿಡುತ್ತಾರೆಯೇ? “ನಿಲ್ಲಿ” ಎಂದರು. ಒಂದು ಕಾಯಿ ಎತ್ತಿಕೊಂಡು ಉಗುರಿನಿಂದ ಕೆರೆದರು. ಕೆಂಪು ಸಿಪ್ಪೆಯೊಂದು ಸುರುಳಿಯಾಗಿ ಎದ್ದು ಬಂತು. ಒಳಗೆ ಎಳೆಯ, ಶುದ್ಧ, ನಾಚಿಕೆಯಿಲ್ಲದ ಹಸಿರು.

“ಹಾ!” ಎಂದಿತು ಸಭೆ.

ಸಾಹೇಬರು ಕೆರೆದ ಜಾಗವನ್ನು ನೋಡಿದರು. ಮಣ್ಣುಬಣ್ಣದ ಕೆಳಗೆ ಮಣ್ಣುಬಣ್ಣ. ಜನ ಯಾಕೆ ಕೂಗಿದರೆಂದು ತಿಳಿಯದೆ, ಷಡ್ಡಕರನ್ನೇ ದಿಟ್ಟಿಸಿ, “ಏನಾಯ್ತು?” ಎಂದು ಕೇಳಿದರು.

ಅವರು ಕೇಳಿದ್ದು ನಿಜವಾಗಿಯೂ ಗೊತ್ತಾಗದೆ. ಆದರೆ ಸಭೆಗೆ ಅದು ನ್ಯಾಯಾಧೀಶರ ಗುಡುಗಿನಂತೆ ಕೇಳಿಸಿತು. ಷಡ್ಡಕರು ತಟ್ಟೆಗೆ ಕೈ ಅಡ್ಡ ಹಿಡಿದರು.

“ಹಾಗೆ ನೋಡಬೇಡ ಮಾರಾಯ, ಹೇಳ್ತೀನಿ!” ಎಂದು ಬಡಬಡಿಸಿದರು. “ಇನ್ನೊಂದು ವಾರ ಕೊಟ್ಟಿದ್ರೆ ತಾವಾಗೇ ಕೆಂಪಾಗ್ತಿದ್ವು! ಎಷ್ಟು ಹೇಳಿದೆ ಅವಕ್ಕೆ, ಬೇಗ ಹಣ್ಣಾಗಿ ಹಣ್ಣಾಗಿ ಅಂತ. ಕೇಳ್ಲಿಲ್ಲ. ನಾನೇನು ಮಾಡ್ಲಿ? ಮನೇಲಿ ಇದ್ದಿದ್ದು ಅದೊಂದೇ...”

“ನನ್ನ ನೈಲ್ ಪಾಲಿಶ್!” ಎಂಬ ಚೀತ್ಕಾರ ಮುಂದಿನ ಸಾಲಿನಿಂದ ಎದ್ದಿತು. ಹೆಂಡತಿಯ ಅಕ್ಕ ಎದ್ದು ನಿಂತಿದ್ದರು. “ಎರಡು ಬಾಟಲಿ! ಕೆಲಸದವಳ ಮೇಲೆ ಅನುಮಾನ ಪಟ್ಟೆನಲ್ರೀ, ಪಾಪಿ! ಮೆಣಸಿನಕಾಯಿಗೆ ಹಚ್ಚೋಕೆ ನಿಮಗೆ ಕೈ ಹೇಗೆ ಬಂತು? ನನ್ನ ಉಗುರು ಒಂದು ದಿನ ನೋಡಿದೀರಾ ನೀವು?”

ಸಭೆ ಬಿದ್ದು ಬಿದ್ದು ನಕ್ಕಿತು. ಷಡ್ಡಕರು ತಮ್ಮ ದೀಪವನ್ನು ತಾವೇ ಆರಿಸಿದರು. ಡಿಪೋ ಮ್ಯಾನೇಜರು ಕುರ್ಚಿಯ ಮೇಲೆ ಹತ್ತಿ, “ನಮ್ಮ ಸಾಹೇಬರು! ನಮ್ಮ ಡಿಪೋ! ಬರೋವ್ರನ್ನೆಲ್ಲ ಹೀಗೇ ಹಿಡೀತಾರೆ!” ಎಂದು ಸುತ್ತಲಿನವರಿಗೆ ಪರಿಚಯ ಮಾಡಿಸಿದರು.

ಈಗ ಬಹುಮಾನ ಕೊಡಬೇಕಲ್ಲ. ಸಾಹೇಬರು ಉಳಿದ ಮೇಜುಗಳನ್ನು ನೋಡುತ್ತಾ ಹೋದರು. ಎಲ್ಲೆಲ್ಲೂ ಮಣ್ಣುಬಣ್ಣ. ಕೊನೆಯ ಮೇಜಿನಲ್ಲಿ ಅವರ ಕಾಲು ತಾನಾಗಿ ನಿಂತಿತು. ಅಲ್ಲಿ ಒಂದು ನೇರಳೆ ಎಲೆಕೋಸು. ನೇರಳೆಯೊಳಗಿನ ಕೆಂಪು ಅವರಿಗೆ ಕಾಣದಿದ್ದರೂ ನೀಲಿ ಕಾಣುತ್ತಿತ್ತಲ್ಲ. ಇಡೀ ಸಭಾಂಗಣದಲ್ಲಿ ಅವರ ಕಣ್ಣಿಗೆ ಹಬ್ಬವಾಗಿ ಕಂಡದ್ದು ಅದೊಂದೇ. ಬೆಳೆದವನು ನಾಲ್ಕು ರಸ್ತೆ ಕೂಡುವಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸ್. ಆಳು ದೊಡ್ಡದು, ಮೀಸೆ ಅದಕ್ಕಿಂತ ದೊಡ್ಡದು. ಆದರೆ ಕೋಸಿನ ಪಕ್ಕ ಮದುಮಗನಂತೆ ತಲೆ ತಗ್ಗಿಸಿ ನಿಂತಿದ್ದ.

“ಇದು!” ಎಂದರು ಸಾಹೇಬರು.

“ಕಾರಣ?” ಎಂದರು ದೊಡ್ಡ ಮಿಸ್ಸು.

ಕಾರಣ ಹೇಳುವಂತಿರಲಿಲ್ಲ. ಅದೃಷ್ಟಕ್ಕೆ, ಎಚ್ಚರಿಕೆಗೆ ಮೊದಲು ಲೇಖನದಲ್ಲಿ ಓದಿದ್ದ ಒಂದು ಪ್ರಯೋಗ ನೆನಪಾಯಿತು. “ಬಿಸಿನೀರು ತನ್ನಿ. ಒಂದು ನಿಂಬೆಹಣ್ಣು, ಒಂದು ಗಾಜಿನ ಲೋಟ,” ಎಂದು ಆಜ್ಞಾಪಿಸಿದರು. ಹೆಂಡತಿ ತಮ್ಮ ಬಿಸಿನೀರಿನ ಫ್ಲಾಸ್ಕನ್ನೇ ಓಡಿ ಬಂದು ಕೊಟ್ಟರು. ಕೋಸಿನ ಎರಡು ಎಲೆ ಹೆಚ್ಚಿ ಲೋಟದ ನೀರಿಗೆ ಹಾಕಿ ಕಲಕಿದಾಗ ಬಣ್ಣ ಇಳಿಯಿತು.

“ಇದು ಆಂಥೋಸಯಾನಿನ್. ಗಿಡ ತಾನೇ ಮಾಡಿಕೊಂಡ ಬಣ್ಣ. ಹುಳಿ ಬಿದ್ದರೆ ಇದು ಸುಮ್ಮನಿರೋದಿಲ್ಲ. ನೋಡಿ!” ಎಂದು ನಿಂಬೆ ಹಿಂಡಿದರು. ಮುಂದೆ ಏನಾಯಿತೋ ಅವರಿಗೆ ಸರಿಯಾಗಿ ಗೊತ್ತಾಗಲಿಲ್ಲ. ನೀಲಿ ಎಲ್ಲೋ ಕರಗಿದಂತಾಯಿತು ಅಷ್ಟೇ. ಉಸಿರು ಬಿಗಿಹಿಡಿದು ಜನರ ಮುಖ ನೋಡಿದರು.

“ಓಹೋ! ಗುಲಾಬಿ! ಗುಲಾಬಿ ಆಯ್ತು!” ಎಂದು ಸಭಾಂಗಣ ಎದ್ದು ನಿಂತಿತು.

“ಹೌದು, ಗುಲಾಬಿ,” ಎಂದು ಸಾಹೇಬರು ಬಹಳ ನೆಮ್ಮದಿಯಿಂದ ಒಪ್ಪಿದರು. “ಬಣ್ಣವನ್ನ ಗಿಡ ಕೊಡಬೇಕು, ಬಾಟಲಿ ಅಲ್ಲ.”

ಚಪ್ಪಾಳೆ ನಿಲ್ಲಲೇ ಇಲ್ಲ. ಟ್ರಾಫಿಕ್ ಪೊಲೀಸ್ ಬಹುಮಾನದ ಕಪ್ಪನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟ. ಸಾಹೇಬರ ಕೈ ಕುಲುಕಿ, ಯಾವ ವಾಹನ ಅಡ್ಡ ಬಂದರೂ ಇನ್ನು ಮುಂದೆ ಅವರನ್ನು ಖುದ್ದಾಗಿ ರಸ್ತೆ ದಾಟಿಸುವುದಾಗಿ ಮಾತು ಕೊಟ್ಟ. ದೊಡ್ಡ ಮಿಸ್ಸು ಮೈಕು ಹಿಡಿದು, “ನಾವೆಲ್ಲ ಕಣ್ಣಿದ್ದೂ ಕುರುಡರಾಗಿದ್ದೆವು. ಬಣ್ಣವನ್ನ ಇಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣು ಈ ಊರಿನಲ್ಲಿ ಇನ್ನೊಂದಿಲ್ಲ!” ಎಂದರು.

ಸಾಹೇಬರ ಮನಸ್ಸಿಗೆ ಅದು ಚುಚ್ಚಿತು. ಇಷ್ಟು ದೊಡ್ಡ ಸುಳ್ಳನ್ನು ಹೊತ್ತು ಮನೆಗೆ ಹೋಗುವುದು ಅವರಿಂದಾಗಲಿಲ್ಲ. ಮೈಕು ಇಸಿದುಕೊಂಡರು. ಹೆಂಡತಿ ಬೇಡ ಬೇಡವೆಂದು ಕೈಯಾಡಿಸುತ್ತಿದ್ದರು.

“ತಾವೆಲ್ಲ ಕ್ಷಮಿಸಬೇಕು,” ಎಂದರು. “ನಿಜ ಹೇಳ್ತೀನಿ. ನನಗೆ ಕೆಂಪು ಯಾವುದು, ಹಸಿರು ಯಾವುದು ಅಂತ ಗೊತ್ತಾಗೋದೇ ಇಲ್ಲ.”

ಹಿಂದಿನಿಂದ ಮನೆ ಮಾಲೀಕರು ಗದ್ಗದಿತರಾಗಿ, “ಏನು ವಿನಯ! ಎಷ್ಟು ದೊಡ್ಡವರಪ್ಪ!” ಎಂದರು.

“ಅಲ್ಲ ಸ್ವಾಮಿ, ನಿಜವಾಗಲೂ...”

“ಗೊತ್ತಾಗೋದೇ ಇಲ್ಲವಂತೆ! ಹ್ಹ ಹ್ಹ ಹ್ಹ! ಷಡ್ಡಕರಿಗೆ ಹೇಗೆ ಕೊಟ್ರು ನೋಡಿ ಪೆಟ್ಟು!” ಎಂದು ಡಿಪೋ ಮ್ಯಾನೇಜರು ತೊಡೆ ತಟ್ಟಿಕೊಂಡರು. ಚಪ್ಪಾಳೆ ಇಮ್ಮಡಿಯಾಯಿತು. ಸಾಹೇಬರು ಮತ್ತೆರಡು ಸಲ ಸತ್ಯ ಹೇಳಲು ನೋಡಿದರು. ಪ್ರತಿಸಲವೂ ಜನ ಇನ್ನಷ್ಟು ಜೋರಾಗಿ ನಕ್ಕರು. ಕೊನೆಗೆ ಅವರು ಸೋಲೊಪ್ಪಿಕೊಂಡು, ಸಂಘದ ಕಾಯಂ ತೀರ್ಪುಗಾರರಾಗಿ ಕೆಳಗಿಳಿದರು.

ಮುಂದಿನ ವಾರ ಹೆಂಡತಿಯ ಅಕ್ಕ ಸ್ವತಃ ಮನೆಗೆ ಬಂದರು. ಬಾಗಿಲಲ್ಲೇ ನಿಂತು, ಇದುವರೆಗೆ ಆ ಮನೆಯಲ್ಲಿ ಬಳಸದ ದನಿಯಲ್ಲಿ, “ನಮ್ಮ ಹಾಲ್‌ಗೆ ಹೊಸ ಪರದೆ ಬೇಕಿತ್ತು. ಬಣ್ಣ ನೀವೇ ಆರಿಸಿಕೊಡಬೇಕು. ನಮ್ಮೆಜಮಾನ್ರ ಮೇಲೆ ನನಗೆ ನಂಬಿಕೆ ಹೋಗಿದೆ,” ಎಂದರು.

“ಅತ್ತಿಗೆ, ನಾನು ಅವತ್ತೇ ಹೇಳಿದ್ನಲ್ಲ...”

“ಸಾಕು ಬಿಡಿ ನಿಮ್ಮ ವಿನಯ. ನಡೀರಿ.”

ಅಂಗಡಿಯವನು ಪರದೆ ಬಟ್ಟೆಯ ಥಾನುಗಳನ್ನು ಗುಡ್ಡೆ ಹಾಕಿದ. ಸಾಹೇಬರು ಒಂದೊಂದನ್ನೂ ಮುಟ್ಟಿ, ಎಳೆ ಎಳೆದು, ಬೆಳಕಿಗೆ ಹಿಡಿದು, ಕೊನೆಗೆ ದಪ್ಪವಾದ, ಗಟ್ಟಿ ನೇಯ್ಗೆಯ ಒಂದನ್ನು ತೋರಿಸಿದರು. ಅಂಗಡಿಯವನು ತಡವರಿಸಿದ. “ಸಾರ್, ಇದು... ಇದನ್ನ ಇದುವರೆಗೆ ಯಾರೂ ಕೇಳಿಲ್ಲ.”

“ಅದಕ್ಕೇ,” ಎಂದರು ಸಾಹೇಬರು.

ಷಡ್ಡಕರೇ ಏಣಿ ಹತ್ತಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು, ತುಟಿಪಿಟಕ್ಕೆನ್ನದೆ ಆ ಪರದೆ ತೂಗುಹಾಕಿದರು. ದೊಡ್ಡ ಮಿಸ್ಸು ನೋಡಿ ಬಂದು ತಮ್ಮ ಮನೆಗೂ ಅದೇ ತಂದರು. ಅವರ ಪಕ್ಕದ ಮನೆಯವರು ಹಿಂದೆ ಬೀಳಲಿಲ್ಲ. ಅಂಗಡಿಯವನು ವರ್ಷಗಳಿಂದ ಮೂಲೆಯಲ್ಲಿ ಬಿದ್ದಿದ್ದ ಥಾನುಗಳನ್ನೆಲ್ಲ ಖಾಲಿ ಮಾಡಿ, ಸಾಲದೆ ಹೊಸದಾಗಿ ತರಿಸಿದ.

ಒಂದು ಸಂಜೆ ಸಾಹೇಬರೂ ಹೆಂಡತಿಯೂ ಷಡ್ಡಕರ ಮನೆಯ ಬೀದಿಯಲ್ಲಿ ನಡೆದು ಬರುತ್ತಿದ್ದರು. ಮನೆಮನೆಯಲ್ಲೂ ದೀಪ ಹತ್ತಿತ್ತು. ಕಿಟಕಿ ಕಿಟಕಿಯಲ್ಲೂ ಅದೇ ಪರದೆ. ಸಾಹೇಬರು ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕೇಳಿದರು: “ಲೇ, ಅದು ಯಾವ ಬಣ್ಣ?”

ಆಕೆ ನಿಂತು, ತಲೆ ಒಂದು ಕಡೆ ಓರೆ ಮಾಡಿ, ಎಲ್ಲ ಕಿಟಕಿಗಳನ್ನೂ ನೋಡಿದರು.

“ಅದಕ್ಕೆ ಹೆಸರೇ ಇಲ್ಲ ಕಣ್ರೀ,” ಎಂದರು. “ಆದ್ರೆ ನಮ್ಮಕ್ಕನ ಮನೇಲಿ ನೀವು ಹೇಳಿದ್ದೇ ನೇತಾಡ್ತಿದೆ.”

ಆಮೇಲೆ, ನಡುಬೀದಿಯಲ್ಲಿ, ಅಕ್ಕನ ಮನೆಯ ಕಿಟಕಿಯ ಎದುರಿಗೇ, ಗಂಡನ ತೋಳಿಗೆ ತೋಳು ಸೇರಿಸಿಕೊಂಡು, ಬೇಕೆಂದೇ ನಿಧಾನವಾಗಿ ನಡೆದರು.